ಹಿಮದ ನಡುವೆ ಒಂದು ಬಚ್ಚಲೊಲೆ

ಮಗಳ ಮನೆಗೆ ಹೋದ ಮರುದಿನ ಬೆಳಿಗ್ಗೆ ಕಿಟಕಿಯ ಪರದೆ ಸರಿಸಿದೆ. ಕಣ್ಣು ಹಾಯುವಷ್ಟು ದೂರ ಬಿಳಿ ಹಿಮ. ಪಕ್ಕದ ಮನೆಯ ಹಿತ್ತಲಿನಲ್ಲಿ ಒಂದು ಪುಟ್ಟ ತಗಡಿನ ಗುಡಿಸಲು, ಅದರ ನೆತ್ತಿಯ ಮೇಲೊಂದು ಕೊಳವೆ, ಕೊಳವೆಯಿಂದ ಹೊಗೆ. “ಅಷ್ಟು ಸಣ್ಣ ಮನೇಲಿ ಯಾರೋ ಇರ್ತಾರೆ ಪುಟ್ಟಾ?” ಎಂದು ಮೊಮ್ಮಗನನ್ನು ಕೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಅಜ್ಜೀ, ಅದು ಮನೆ ಅಲ್ಲ, ಒಲೆ!”

ಅದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರ ಭಾಗದ ಹಳ್ಳಿಗಾಡು. ಜನವರಿಯಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿದರೆ ಅಲ್ಲಿ ಯಾರೂ ಸುದ್ದಿ ಮಾಡುವುದಿಲ್ಲ. ಪಕ್ಕದ ಮಿನ್ನೆಸೋಟ ರಾಜ್ಯದ ಟವರ್ ಎಂಬ ಊರಿನ ಬಳಿ 1996ರ ಫೆಬ್ರವರಿ 2ರಂದು ಮೈನಸ್ 51 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಅಂಥ ಕಡೆ ಒಂದು ರಾತ್ರಿ ಮನೆ ಬೆಚ್ಚಗಾಗದಿದ್ದರೆ ನಲ್ಲಿಯ ಪೈಪಿನೊಳಗೆ ನೀರು ಹೆಪ್ಪುಗಟ್ಟಿ ಪೈಪೇ ಒಡೆಯುತ್ತದೆ. ಮನುಷ್ಯರ ಪಾಡು ಹೇಳುವುದೇ ಬೇಡ. ಪೇಟೆಯವರು ಗ್ಯಾಸಿನಿಂದಲೋ ಎಣ್ಣೆಯಿಂದಲೋ ಮನೆ ಬಿಸಿಮಾಡುತ್ತಾರೆ. ಸ್ವಂತ ಕಾಡು, ಸ್ವಂತ ಮರ ಇರುವ ಹಳ್ಳಿಯವರಲ್ಲಿ ಹಲವರು ಸೌದೆಯನ್ನೇ ನಂಬುತ್ತಾರೆ. 1973ರಲ್ಲಿ ಎಣ್ಣೆಯ ಬೆಲೆ ಏಕಾಏಕಿ ಏರಿದಾಗ ಸೌದೆಯ ಕಡೆ ಮರಳಿದವರೂ ಬಹಳ.

ಪಕ್ಕದ ಮನೆಯ ಯಜಮಾನರಿಗೆ ಎಪ್ಪತ್ತು ದಾಟಿದೆ. ನನ್ನ ಮೊಮ್ಮಗ ಅವರಿಗೆ ‘ಸೌದೆ ಅಜ್ಜ’ ಎಂದೇ ಹೆಸರಿಟ್ಟಿದ್ದಾನೆ. ಅವರು ಕರೆದು ಒಲೆ ತೋರಿಸಿದಾಗ ನನಗೆ ತೀರ್ಥಹಳ್ಳಿ ಕಡೆಯ ನಮ್ಮ ತವರುಮನೆಯ ಬಚ್ಚಲೇ ಕಣ್ಣಮುಂದೆ ಬಂತು. ಮಲೆನಾಡಿನ ಅಜ್ಜಿಯರಿಗೆ ವಿವರಿಸಬೇಕಿಲ್ಲ: ತಾಮ್ರದ ಹಂಡೆ, ಅದರ ಕೆಳಗೆ ಒಲೆ, ಒಲೆಯ ಬಾಯಿ ಗೋಡೆಯ ಆಚೆಗೆ. ಸೌದೆ ಒಟ್ಟುವುದು ಹೊರಗಿನಿಂದ, ಬಿಸಿನೀರು ಒಳಗೆ. ಈ ಅಮೆರಿಕದ ಒಲೆಯ ಉಪಾಯವೂ ಅದೇ. ಕಬ್ಬಿಣದ ದೊಡ್ಡ ಪೆಟ್ಟಿಗೆಯಲ್ಲಿ ಬೆಂಕಿ. ಆ ಪೆಟ್ಟಿಗೆಯ ಸುತ್ತ ನೂರಾರು ಲೀಟರ್ ನೀರು. ಹಂಡೆ ಬೆಂಕಿಯ ಮೇಲೆ ಕೂತಿಲ್ಲ, ಬೆಂಕಿಯನ್ನೇ ಅಪ್ಪಿಕೊಂಡಿದೆ ಅಷ್ಟೆ.

ನೀರು 80–85 ಡಿಗ್ರಿಗೆ ಕಾಯುತ್ತದೆ, ಕುದಿಯಲು ಬಿಡುವುದಿಲ್ಲ. ಒಂದು ಪಂಪು ಆ ನೀರನ್ನು ನೆಲದಡಿ ಹೂತ, ದಪ್ಪ ಹೊದಿಕೆಯ ಪೈಪುಗಳಲ್ಲಿ ಮನೆಗೆ ತಳ್ಳುತ್ತದೆ. ಅಲ್ಲಿ ನೀರು ತನ್ನ ಬಿಸಿಯನ್ನು ಗಾಳಿಗೋ ನೆಲಕ್ಕೋ ಕೊಟ್ಟು, ತಣ್ಣಗಾಗಿ ಒಲೆಗೆ ವಾಪಸು ಬರುತ್ತದೆ. ಸ್ನಾನದ ನೀರು ಕಾಯುವುದೂ ಇದರಿಂದಲೇ. ಬೆಂಕಿಯ ಕಿಡಿ, ಬೂದಿ, ಸೌದೆಯ ಹುಳು ಯಾವುದೂ ಮನೆಯೊಳಗಿಲ್ಲ. ದಿನಕ್ಕೆರಡು ಸಲ ಸೌದೆ ತುಂಬಿದರೆ ಸಾಕು.

ಸಾಕು ಎಂದದ್ದು ನನ್ನ ಮಾತು. ಸೌದೆ ಅಜ್ಜ ಅದನ್ನು ಒಪ್ಪುವುದಿಲ್ಲ. ಅಲ್ಲಿ ಸೌದೆಯನ್ನು ‘ಕಾರ್ಡ್’ ಲೆಕ್ಕದಲ್ಲಿ ಅಳೆಯುತ್ತಾರೆ: 4 ಅಡಿ ಎತ್ತರ, 4 ಅಡಿ ಅಗಲ, 8 ಅಡಿ ಉದ್ದದ ಒಂದು ಒಟ್ಟಿಲು. (ಘನ ಅಡಿ ಎಷ್ಟಾಯಿತು, ಮಕ್ಕಳೇ ಗುಣಿಸಿ ನೋಡಿ.) ಅವರ ಮನೆಗೆ ಒಂದು ಚಳಿಗಾಲಕ್ಕೆ ಇಂಥ 10 ಒಟ್ಟಿಲು ಬೇಕು. ಕಡಿಯಬೇಕು, ಸೀಳಬೇಕು, ಒಟ್ಟಬೇಕು, ಒಣಗಿಸಬೇಕು. ಇಷ್ಟರ ಮೇಲೆ ಒಲೆಯ ಆರೈಕೆ ಬೇರೆ. ಬರಿಯ ನೀರು ಕಬ್ಬಿಣವನ್ನು ತಿನ್ನುತ್ತದೆ. ಹಾಗಾಗಿ ತುಕ್ಕು ತಡೆಯುವ ಔಷಧ ಬೆರೆಸಿ, ಆಗಾಗ ನೀರನ್ನು ಪರೀಕ್ಷೆ ಮಾಡಿಸುತ್ತಾರೆ. ಕೊಳವೆಯೊಳಗೆ ಡಾಂಬರಿನಂಥ ಅಂಟು ಕಟ್ಟುತ್ತದೆ, ಅದಕ್ಕೇ ಬೆಂಕಿ ಹತ್ತುವುದುಂಟು, ಕೆರೆದು ತೆಗೆಯಬೇಕು. ಬೇಸಿಗೆ ಬಂದಾಗ ಬೂದಿಯನ್ನು ಒಳಗೇ ಬಿಟ್ಟರೆ ಅದು ತೇವ ಹೀರಿ ಪೆಟ್ಟಿಗೆಯನ್ನು ತೂತು ಮಾಡುತ್ತದೆ. ತೆಗೆದ ಬೂದಿಯನ್ನು ಮುಚ್ಚಳವಿರುವ ಕಬ್ಬಿಣದ ಬಕೆಟ್ಟಿನಲ್ಲಿ, ಮನೆಯಿಂದ ದೂರ ಇಡುತ್ತಾರೆ. ಬೂದಿಯೊಳಗಿನ ಕೆಂಡಕ್ಕೆ ಆಯುಸ್ಸು ಜಾಸ್ತಿ, ದಿನಗಟ್ಟಲೆ ಬದುಕಿರುತ್ತದೆ.

ಒಲೆಯ ಬಾಗಿಲು ತೆರೆಯುವುದನ್ನು ನೋಡುವಾಗ ಮೊಮ್ಮಗನನ್ನು ಹತ್ತು ಹೆಜ್ಜೆ ಹಿಂದೆ ನಿಲ್ಲಿಸಿದರು. ತಾವು ಪಕ್ಕಕ್ಕೆ ನಿಂತು ಬಾಗಿಲನ್ನು ಒಂದಿಂಚು ಮಾತ್ರ ಸರಿಸಿ ಕಾದರು. ಒಳಗೆ ಉಸಿರುಕಟ್ಟಿ ಕೂತ ಹೊಗೆಗೆ ಒಮ್ಮೆಲೇ ಗಾಳಿ ಸಿಕ್ಕರೆ ಭಗ್ಗೆಂದು ಉರಿ ಹೊರಗೆ ನುಗ್ಗುತ್ತದಂತೆ. ಬಳಿಕವೇ ಪೂರಾ ತೆರೆದರು.

ಒಂದು ರಾತ್ರಿ ತಂತಿಯ ಮೇಲೆ ಮಂಜುಗಡ್ಡೆ ಕೂತು ಊರಿಗೇ ಕರೆಂಟು ಹೋಯಿತು. ಅವರ ಒಲೆಯಲ್ಲಿ ಬೆಂಕಿ ಇತ್ತು, ನೀರೂ ಕಾದಿತ್ತು, ಮನೆ ಮಾತ್ರ ತಣ್ಣಗೆ. ಪಂಪು ನಿಂತಿತ್ತಲ್ಲ! ಜನರೇಟರ್ ಎಳೆದು ತಂದು ಹಚ್ಚಿದರು. ನಮ್ಮ ಹಂಡೆಗೆ ಈ ರಗಳೆ ಇಲ್ಲ ಎಂದು ನಾನು ಮನಸ್ಸಿನಲ್ಲೇ ಸ್ವಲ್ಪ ಬೀಗಿದೆ.

ಇಷ್ಟರವರೆಗೆ ಒಲೆಯ ಗುಣಗಾನವಾಯಿತು. ಇನ್ನು ಹೊಗೆಯ ವಿಷಯ.

ನನ್ನ ಮೊಮ್ಮಗನಿಗೆ ಉಬ್ಬಸವಿದೆ. ಆ ಚಳಿಗಾಲ ಕೆಲವು ದಿನ ಬೆಳಗಿನ ಜಾವ ಅವನು ಕೆಮ್ಮುತ್ತಾ ಎದ್ದು ಕೂರುತ್ತಿದ್ದ. ಕಿಟಕಿ ಮುಚ್ಚಿದ್ದರೂ ಕೋಣೆಯಲ್ಲಿ ಹೊಗೆಯ ವಾಸನೆ. ಮಗಳಿಗೆ ಕಾರಣ ಗೊತ್ತಿತ್ತು, ಹೇಳಲು ಬಾಯಿ ಬರುತ್ತಿರಲಿಲ್ಲ. ಹಿಮ ಬಿದ್ದ ದಿನವೆಲ್ಲ ನಮ್ಮ ದಾರಿಯ ಹಿಮವನ್ನೂ ತಳ್ಳಿಕೊಡುತ್ತಿದ್ದವರು ಅದೇ ಸೌದೆ ಅಜ್ಜ. ಅವರಿಗೆ ಹೋಗಿ “ನಿಮ್ಮ ಒಲೆ ಆರಿಸಿ” ಎನ್ನುವುದು ಹೇಗೆ?

ಇಂಥ ಹಳೆಯ ಮಾದರಿಯ ಒಲೆಯ ಹೊಗೆ ಏಕೆ ಇಷ್ಟು ಕೆಟ್ಟದ್ದು? ಹಂಡೆಯ ತಳ ನೆನಪಿಸಿಕೊಳ್ಳಿ. ತಣ್ಣೀರಿನ ಹಂಡೆಗೆ ತಾಗಿದ ಉರಿ ತಣ್ಣಗಾಗಿ, ಪೂರ್ತಿ ಉರಿಯದ ಭಾಗ ಮಸಿಯಾಗಿ ಅಂಟುತ್ತದೆ. ಈ ಒಲೆಯ ಬೆಂಕಿಗಂತೂ ಸುತ್ತಲೂ ನೀರಿನ ಗೋಡೆ. ನೀರು ಸಾಕಷ್ಟು ಕಾದೊಡನೆ ಗಾಳಿಯ ಕಿಂಡಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಆಗ ಸೌದೆ ಉರಿಯದೆ ಗಂಟೆಗಟ್ಟಲೆ ಕನಲುತ್ತದೆ. ಹೀಗೆ ಹುಟ್ಟಿದ ಹೊಗೆಯಲ್ಲಿ ಬಿಸಿ ಕಡಿಮೆ, ಮೇಲೇರುವ ಕಸುವಿಲ್ಲ. ಕೊಳವೆಯೂ ಗಿಡ್ಡ. ಗಾಳಿಯಿಲ್ಲದ ಚಳಿಯ ಮುಂಜಾನೆ ನೆಲದ ಬಳಿಯ ತಣ್ಣನೆ ಗಾಳಿ ಮೇಲೇಳುವುದಿಲ್ಲ, ಹೊಗೆಯೂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ನಮ್ಮೂರಿನಲ್ಲೂ ಪುಷ್ಯಮಾಸದ ಬೆಳಿಗ್ಗೆ ಹೆಂಚಿನ ಮೇಲೆ ಹೊಗೆ ಮಲಗಿರುವುದನ್ನು ನೋಡಿಲ್ಲವೇ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ‘ಅಸ್ತ್ರ ಒಲೆ’ ಹೊಗೆಯನ್ನು ಕೊಳವೆಯಿಂದ ಹೊರಗಟ್ಟಿ ಅಡುಗೆಮನೆಯ ಹೆಂಗಸರ ಕಣ್ಣು ಉಳಿಸಿತು. ಹೊರಗೆ ಹೋದ ಹೊಗೆ ಎಲ್ಲಿಗೆ ಹೋಯಿತು ಎಂದು ಆಗ ನಾವ್ಯಾರೂ ಯೋಚಿಸಿರಲಿಲ್ಲ. ಅಮೆರಿಕದಲ್ಲಿ ಈ ಪ್ರಶ್ನೆಗೆ ಕಾನೂನೇ ಬಂತು. ವರ್ಮಾಂಟ್ ರಾಜ್ಯ 1997ರಲ್ಲೇ ಇಂಥ ಒಲೆ ನೆರೆಮನೆಯಿಂದ 200 ಅಡಿ ದೂರವಿರಬೇಕೆಂದಿತು. 2015ರಲ್ಲಿ ಇಡೀ ದೇಶಕ್ಕೆ ಹೊಗೆಯ ಮಿತಿ ಬಂದು, 2020ರಲ್ಲಿ ಇನ್ನೂ ಬಿಗಿಯಾಯಿತು. ಈಗ ಮಾರುವ ಒಲೆಗಳಲ್ಲಿ ಹೊಗೆಯನ್ನೇ ಮತ್ತೊಂದು ಗೂಡಿನಲ್ಲಿ ಗಾಳಿ ಬೆರೆಸಿ ಉರಿಸುವ ಏರ್ಪಾಡಿದೆ. ಆದರೆ ಈ ಮಿತಿ ಹೊಸ ಒಲೆಗಳಿಗೆ. ಸೌದೆ ಅಜ್ಜನದು ಹಳೆಯದು; ಹೊಸದಕ್ಕೆ ನಮ್ಮ ಲೆಕ್ಕದಲ್ಲಿ ಲಕ್ಷಗಟ್ಟಲೆ ರೂಪಾಯಿ.

ಕೊನೆಗೆ ನಾನೇ ಮೊಮ್ಮಗನನ್ನು ದುಭಾಷಿಯಾಗಿ ಕರೆದುಕೊಂಡು, ಒಂದು ಡಬ್ಬಿ ಕೋಡುಬಳೆ ಹಿಡಿದು ಹೋದೆ. ಒಟ್ಟಿಲಿನಿಂದ ಎರಡು ತುಂಡು ಎತ್ತಿ ಒಂದಕ್ಕೊಂದು ಬಡಿದೆ. ಒಣಸೌದೆಯಾಗಿದ್ದರೆ ಟಣ್ ಎನ್ನಬೇಕಿತ್ತು. ಇದು ಧಬ್ ಎಂದಿತು. ತುದಿಯಲ್ಲಿ ಬಿರುಕೂ ಇಲ್ಲ. “ಹಸಿ” ಎಂದೆ. ಆ ಮಾತಿಗೆ ದುಭಾಷಿ ಬೇಕಾಗಲಿಲ್ಲ. ಅವರ ಮುಖ ಸಣ್ಣಗಾಯಿತು. ಎರಡು ಸೂಜಿಯ ಪುಟ್ಟ ಮೀಟರು ತಂದು ಸೌದೆಗೆ ಚುಚ್ಚಿದರು: 38 ಎಂದು ತೋರಿಸಿತು. ತೇವ 20ಕ್ಕಿಂತ ಕಡಿಮೆ ಇರಬೇಕು. ಹಸಿಸೌದೆ ಹಾಕಿದರೆ ಶಾಖದ ಒಂದು ಪಾಲು ಅದರ ನೀರು ಆರಿಸಲಿಕ್ಕೇ ಹೋದಂತೆ. ಹಿಂದಿನ ವರ್ಷ ಮೊಣಕಾಲಿನ ಆಪರೇಷನ್ ಆಗಿ ಅವರಿಗೆ ಕಾಡಿಗೆ ಹೋಗಲಾಗಿರಲಿಲ್ಲ. ಓಕ್ ಮರದ ಸೌದೆ ಕೊಂಡಿದ್ದರು. ಓಕ್ ಒಣಗಲು ಎರಡು ವರ್ಷವಾದರೂ ಬೇಕು.

ಹುಡುಗ ರಾತ್ರಿ ಕೆಮ್ಮುವುದನ್ನು ಆಗ ಮೊಮ್ಮಗನೇ ಹೇಳಿದ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಮರುವಾರ ಒಣಸೌದೆ ತರಿಸಿದರು. ಕೊಳವೆಗೆ ಇನ್ನಷ್ಟು ಉದ್ದ ಸೇರಿಸಿದರು. ಒಮ್ಮೆಲೇ ಬಾಯಿತುಂಬ ತುರುಕುವ ಬದಲು ಬೇಕಾದಷ್ಟೇ ಹಾಕಿ ಉರಿಸತೊಡಗಿದರು. ಕೆಮ್ಮು ಪೂರ್ತಿ ನಿಲ್ಲಲಿಲ್ಲ, ಆದರೆ ಕೂತು ಕಳೆಯುವ ರಾತ್ರಿಗಳು ಕಡಿಮೆಯಾದವು.

ಮೊನ್ನೆ ಮಗಳು ಫೋಟೋ ಕಳಿಸಿದ್ದಳು. ಸೌದೆ ಅಜ್ಜನ ಹಿತ್ತಲಿನಲ್ಲಿ ಎರಡು ಸಾಲು ಒಟ್ಟಿಲು. ಒಂದು ಈ ಚಳಿಗಾಲಕ್ಕೆ, ಇನ್ನೊಂದು ಮುಂದಿನದಕ್ಕೆ. ಮೊಮ್ಮಗ ಎರಡು ತುಂಡು ಹಿಡಿದು, ಕಿವಿಯ ಹತ್ತಿರ ಬಡಿದು ನೋಡುತ್ತಿದ್ದಾನೆ.