ಕಲ್ಲುಹೂವಿನ ಹೆಸರಿನ ರೋಗ

ನಮ್ಮ ಕಾರ್ಯಾಲಯದಲ್ಲಿ ಬಹುಕಾಲದಿಂದ ಲೆಕ್ಕಪತ್ರಗಳನ್ನು ನೋಡಿಕೊಂಡು ಬಂದಿರುವ ಗೃಹಸ್ಥರೊಬ್ಬರು ಎರಡು ವರ್ಷಗಳ ಹಿಂದೆ ಇದ್ದಕ್ಕಿದ್ದಂತೆ ತುಂಬುತೋಳಿನ ಅಂಗಿಯನ್ನು ತೊಡಲಾರಂಭಿಸಿದರು. ಬೇಸಗೆಯಲ್ಲಿಯೂ ಮುಂಗೈಯ ಗುಂಡಿಯನ್ನು ಅವರು ಬಿಚ್ಚುತ್ತಿರಲಿಲ್ಲ. ಮಧ್ಯಾಹ್ನ ಎಲ್ಲರೊಡನೆ ಕುಳಿತು ಉಣ್ಣುವುದನ್ನು ಬಿಟ್ಟು, ಒಂದು ಮೂಲೆಯಲ್ಲಿ ಬರಿಯ ಮೊಸರನ್ನವನ್ನು ಉಂಡು ಏಳುತ್ತಿದ್ದರು. ಕಾರಣವನ್ನು ಕೇಳಿದಾಗ ಮೊದಲು ಏನನ್ನೂ ಹೇಳಲಿಲ್ಲ. ಬಳಿಕ ಬಾಗಿಲನ್ನು ಮುಂದೆಮಾಡಿ ಬಂದು ಮಣಿಕಟ್ಟಿನ ಒಳಬದಿಯನ್ನು ತೋರಿಸಿದರು. ಅಲ್ಲಿ ನೇರಿಳೆ ಬಣ್ಣದ, ಚಪ್ಪಟೆಯಾದ, ಮೇಣವನ್ನು ಸವರಿದಂತೆ ಹೊಳೆಯುವ ಗುಳ್ಳೆಗಳು ಗುಂಪುಗೂಡಿದ್ದವು. ನೆರೆಯವರಾರೋ ಇದು ಕುಷ್ಠವೆಂದು ಆಡಿದ್ದರಂತೆ. ಆ ಮಾತು ಬೀಗರಾಗಬೇಕಾಗಿದ್ದವರ ಮನೆಯನ್ನು ಮುಟ್ಟಿ, ಮಗಳಿಗೆ ಗೊತ್ತಾಗಿದ್ದ ಸಂಬಂಧವು ಮುರಿದುಹೋಗಿತ್ತು. ಔಷಧದ ಅಂಗಡಿಯೊಂದರಲ್ಲಿ ಕೇಳಿದ್ದಕ್ಕೆ ಹುಳುಕಡ್ಡಿಯೆಂದು ಹೇಳಿ ಒಂದು ಮುಲಾಮನ್ನು ಕೊಟ್ಟಿದ್ದರು. ನಾಲ್ಕು ತಿಂಗಳು ಅದನ್ನೇ ಹಚ್ಚಿದ್ದರು.

ಅದು ಕುಷ್ಠವೂ ಆಗಿರಲಿಲ್ಲ, ಹುಳುಕಡ್ಡಿಯೂ ಆಗಿರಲಿಲ್ಲ. ಚರ್ಮವೈದ್ಯರು ನೋಡಿ ಇಟ್ಟ ಹೆಸರು ಲೈಕೆನ್ ಪ್ಲಾನಸ್. ನೂರು ಮಂದಿಯಲ್ಲಿ ಒಬ್ಬರಿಗೆ, ಅಥವಾ ಅದಕ್ಕಿಂತ ತುಸು ಕಡಮೆ ಮಂದಿಗೆ, ಬರುವ ಈ ರೋಗದ ಹೆಸರನ್ನೇ ನಮ್ಮ ವಾಚಕರಲ್ಲಿ ಬಹುಮಂದಿ ಕೇಳಿರಲಾರರು. ಹೀಗಿರುವುದರಿಂದ ಇದರ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಲೈಕೆನ್ ಎಂದರೆ ನಮ್ಮ ಹೆಂಗಸರು ಮಸಾಲೆಗೆ ಹಾಕುವ ಕಲ್ಲುಹೂವು. ಬಂಡೆಯ ಮೇಲೆ ಅದು ಹರಡುವಂತೆ ಚರ್ಮದ ಮೇಲೆ ಹರಡುವುದೆಂದು ಈ ಹೆಸರು ಬಂದಿತು. ಪ್ಲಾನಸ್ ಎಂಬುದು ಚಪ್ಪಟೆ ಎಂಬರ್ಥದ ಲ್ಯಾಟಿನ್ ಪದ. ೧೮೬೯ರಲ್ಲಿ ಲಂಡನ್ನಿನ ಇರಾಸ್ಮಸ್ ವಿಲ್ಸನ್ ಎಂಬ ವೈದ್ಯನು ಇದನ್ನು ವಿವರಿಸಿ ಹೆಸರಿಟ್ಟನು. ಈಜಿಪ್ತಿನಿಂದ ಕ್ಲಿಯೋಪಾತ್ರಳ ಸೂಜಿಯೆಂಬ ಕಲ್ಲಿನ ಕಂಬವನ್ನು ಥೇಮ್ಸ್ ನದಿಯ ದಡಕ್ಕೆ ತರಿಸಲು ತನ್ನ ಕೈಯಿಂದ ಹತ್ತು ಸಾವಿರ ಪೌಂಡುಗಳಷ್ಟು ಹಣವನ್ನು ಸುರಿದವನೂ ಇವನೇ. ಗುಳ್ಳೆಗಳ ಮೇಲೆ ಒಂದು ತೊಟ್ಟು ಎಣ್ಣೆಯನ್ನು ಹಚ್ಚಿ ನೋಡಿದರೆ ಸಣ್ಣ ಬಿಳಿಯ ಗೆರೆಗಳು ಕಾಣುತ್ತವೆ. ೧೮೯೫ರಲ್ಲಿ ಫ್ರಾನ್ಸಿನ ವಿಕ್‌ಹ್ಯಾಮ್ ಎಂಬವನು ಇವುಗಳನ್ನು ವರ್ಣಿಸಿದುದರಿಂದ ಅವನ ಹೆಸರಿನಲ್ಲಿಯೇ ವೈದ್ಯರು ಇವನ್ನು ಕರೆಯುತ್ತಾರೆ.

ಇದು ಅಂಟುರೋಗವಲ್ಲ. ಈ ಮಾತನ್ನು ನಾವು ಎಷ್ಟು ಸಲ ಬರೆದರೂ ಸಾಲದು. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ, ಒಂದೇ ಟವಲನ್ನು ಬಳಸಿದರೂ ಒಬ್ಬರಿಂದ ಇನ್ನೊಬ್ಬರಿಗೆ ಇದು ಬಾರದು. ಒಂದೇ ಮನೆತನದಲ್ಲಿ ಇಬ್ಬರಿಗೆ ಕಾಣಿಸುವುದೂ ಅಪರೂಪವೇ. ಪರರಾಜರ ದಂಡಿಗಾಗಿ ಕಟ್ಟಿದ ಕೋಟೆಯ ಕಾವಲುಗಾರರೇ ಊರಿನ ಪ್ರಜೆಗಳನ್ನು ಶತ್ರುಗಳೆಂದು ತಿಳಿದು ಅವರ ಮೇಲೆ ಬಿದ್ದರೆ ಏನಾದೀತೋ ಇಲ್ಲಿ ಆಗುವುದೂ ಅದೇ. ರಕ್ತದಲ್ಲಿ ಸುತ್ತುತ್ತಿದ್ದು ರೋಗಾಣುಗಳನ್ನು ಸಂಹರಿಸಬೇಕಾದ ಟಿ-ಕಣಗಳೆಂಬ ಬಿಳಿಯ ರಕ್ತಕಣಗಳು ಚರ್ಮದ ಮೇಲ್ಪದರದ ತಳದಲ್ಲಿರುವ ಕಣಗಳನ್ನು ಪರಕೀಯವೆಂದು ಬಗೆದು ಕೊಲ್ಲುತ್ತವೆ. ಚರ್ಮದ ಚಿಕ್ಕ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಬಿಳಿಯ ಕಣಗಳು ಮೇಲ್ಪದರದ ಕೆಳಗೆ ಪಟ್ಟಿಯಂತೆ ಸಾಲುಗಟ್ಟಿ ನಿಂತಿರುವುದು ಕಾಣಿಸುತ್ತದೆ. ಹೀಗೇಕೆ ಬಗೆಯುತ್ತವೆ ಎಂಬ ಪ್ರಶ್ನೆಗೆ ಪೂರ್ಣವಾದ ಉತ್ತರವಿನ್ನೂ ದೊರೆತಿಲ್ಲ. ರಕ್ತದೊತ್ತಡಕ್ಕೂ ಮಲೇರಿಯಾಕ್ಕೂ ಕೊಡುವ ಕೆಲವು ಮಾತ್ರೆಗಳು ಇಂಥದೇ ಗುಳ್ಳೆಗಳನ್ನು ಎಬ್ಬಿಸಬಲ್ಲವು. ಹಲ್ಲಿಗೆ ತುಂಬಿದ ಪಾದರಸದ ಮಿಶ್ರಲೋಹವು ತಗಲುವ ಕಡೆ ಬಾಯಿಯ ಒಳಚರ್ಮವು ಹೀಗೆಯೇ ಕೆರಳುವುದುಂಟು. ಕೆಲವು ದೇಶಗಳಲ್ಲಿ ಹೆಪಟೈಟಿಸ್ ಸಿ ಎಂಬ ಯಕೃತ್ತಿನ ರೋಗದೊಡನೆ ಇದಕ್ಕೆ ನಂಟು ಕಂಡುಬಂದಿದೆ. ಆದುದರಿಂದ ವೈದ್ಯರ ಬಳಿಗೆ ಹೋಗುವವರು ತಾವು ಸೇವಿಸುವ ಮಾತ್ರೆಗಳೆಲ್ಲವನ್ನೂ ಮುಚ್ಚುಮರೆಯಿಲ್ಲದೆ ತೋರಿಸತಕ್ಕದ್ದು. ಆದರೆ ಯಾರೂ ತಾವಾಗಿಯೇ ಮಾತ್ರೆಗಳನ್ನು ನಿಲ್ಲಿಸಬಾರದು.

ಕುಷ್ಠವೆಂಬ ಶಬ್ದದ ವಿಷಯವಾಗಿ ಇಲ್ಲಿ ಒಂದು ಮಾತು. ನಮ್ಮ ಆಯುರ್ವೇದದಲ್ಲಿ ಕುಷ್ಠಗಳು ಹದಿನೆಂಟು. ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠ. ಇಸುಬು, ಕಜ್ಜಿಗಳಂಥವೂ ಆ ಲೆಕ್ಕದಲ್ಲಿ ಸೇರುತ್ತವೆ. ಪ್ರಾಚೀನರಿಗೆ ಅದು ಚರ್ಮವ್ಯಾಧಿಗಳೆಲ್ಲವನ್ನೂ ಒಳಗೊಂಡ ವಿಶಾಲವಾದ ಹೆಸರಾಗಿತ್ತು. ಲೋಕರೂಢಿಯಲ್ಲಿ ಮಾತ್ರ ಅದು ಒಂದೇ ರೋಗಕ್ಕೆ ನಿಂತು, ಕೇಳಿದವರು ನಾಲ್ಕು ಹೆಜ್ಜೆ ಹಿಂದೆ ಸರಿಯುವಂತಾಯಿತು. ಗುರುತಿಸುವುದೇನೂ ಕಷ್ಟವಲ್ಲ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶಜ್ಞಾನವು ಕುಂದುತ್ತದೆ. ಇದರಲ್ಲಿಯಾದರೋ ತುರಿಕೆಯು ರಾತ್ರಿಯ ನಿದ್ದೆಯನ್ನೇ ಕಸಿಯುತ್ತದೆ. ಅಷ್ಟಕ್ಕೂ ಕುಷ್ಠವೇ ಆಗಿದ್ದರೇನಾಯಿತು? ಅದು ಹ್ಯಾನ್ಸೆನ್ ೧೮೭೩ರಲ್ಲಿ ಕಂಡುಹಿಡಿದ ರೋಗಾಣುವಿನಿಂದ ಬರುವ, ಇಂದು ಮಾತ್ರೆಗಳಿಂದ ಸಂಪೂರ್ಣವಾಗಿ ಗುಣವಾಗುವ ರೋಗ. ಅದಕ್ಕಾಗಿಯೂ ಸಂಬಂಧವನ್ನು ಮುರಿಯಬೇಕಾಗಿಲ್ಲವೆಂಬುದು ನಮ್ಮ ಅಭಿಪ್ರಾಯ.

ಗುಳ್ಳೆಗಳು ಹೆಚ್ಚಾಗಿ ಮಣಿಕಟ್ಟಿನ ಒಳಬದಿ, ಕಣಕಾಲು, ಸೊಂಟದ ಹಿಂಭಾಗ ಇಲ್ಲೆಲ್ಲ ಏಳುತ್ತವೆ. ಕೆರೆದ ಗೆರೆಯ ಉದ್ದಕ್ಕೂ ಹೊಸ ಗುಳ್ಳೆಗಳ ಸಾಲು ಮೂಡುವುದು ಇದರ ಒಂದು ವಿಚಿತ್ರ ಗುಣ. ಆದ್ದರಿಂದ ಉಗುರುಗಳನ್ನು ಮೋಟಾಗಿ ಕತ್ತರಿಸಿಕೊಂಡಿರುವುದು ಒಳ್ಳೆಯದು. ಬಹುಮಂದಿಯಲ್ಲಿ ಚರ್ಮದ ಗುಳ್ಳೆಗಳು ಆರು ತಿಂಗಳಿನಿಂದ ಎರಡು ವರ್ಷಗಳೊಳಗೆ ತಾವಾಗಿಯೇ ಅಡಗುತ್ತವೆ. ನಮ್ಮಂಥ ಶ್ಯಾಮಲವರ್ಣದವರಲ್ಲಿ ಅವು ಹೋದ ಮೇಲೆಯೂ ಕಂದುಕಪ್ಪು ಕಲೆಗಳು ಬಹಳ ಕಾಲ ಉಳಿಯುತ್ತವೆ. ಆ ಕಲೆಗಳನ್ನೇ ರೋಗವೆಂದು ತಿಳಿದು ಇನ್ನಷ್ಟು ಮುಲಾಮುಗಳನ್ನು ಬಳಿಯುವವರಿದ್ದಾರೆ. ಗುಳ್ಳೆಯೇ ಏಳದೆ ಮುಖ ಕತ್ತುಗಳ ಮೇಲೆ ಬರಿಯ ಕಪ್ಪು ಹರಡುವ ಇನ್ನೊಂದು ಬಗೆಯುಂಟು. ಅದನ್ನು ೧೯೭೪ರಲ್ಲಿ ಭೂತಾನಿ ಮತ್ತು ಅವರ ಸಹೋದ್ಯೋಗಿಗಳು ನಮ್ಮ ದೇಶದಲ್ಲಿಯೇ ಗುರುತಿಸಿ ಹೆಸರಿಟ್ಟರು. ತಲೆಗೆ ಬಂದರೆ ಕೂದಲ ಬುಡವು ಸುಟ್ಟು ಮತ್ತೆ ಬೆಳೆಯದು; ಉಗುರಿಗೆ ಬಂದರೆ ಉಗುರು ತೆಳುವಾಗಿ ಸೀಳುತ್ತದೆ. ಈ ಎರಡರಲ್ಲಿಯೂ ತಡಮಾಡುವುದು ಸಲ್ಲದು.

ಬಾಯಿಯ ರೋಗವು ಹಟಮಾರಿ. ಕೆನ್ನೆಯ ಒಳಬದಿಯಲ್ಲಿ ಹೆಣೆದ ಜಾಲರಿಯಂತೆ ಬಿಳಿಯ ಗೆರೆಗಳು ಹಬ್ಬುತ್ತವೆ, ಸಾಮಾನ್ಯವಾಗಿ ಎರಡು ಕೆನ್ನೆಗಳಲ್ಲಿಯೂ. ಎಷ್ಟೋ ಮಂದಿಗೆ ನೋವಿರದೆ, ದಂತವೈದ್ಯರು ನೋಡಿ ಹೇಳುವವರೆಗೆ ಅದು ಇದ್ದುದೇ ತಿಳಿಯದು. ಆದರೆ ಅದು ಹುಣ್ಣಾಗಿ ಒಡೆದರೆ, ಒಸಡು ಕೆಂಪಾಗಿ ಸುಲಿದರೆ, ಸಾರಿನ ಒಂದು ತುತ್ತೂ ಬೆಂಕಿಯಾಗುತ್ತದೆ. ನಮ್ಮ ಗೃಹಸ್ಥರ ಮೊಸರನ್ನದ ರಹಸ್ಯವಿದೇ. ನಡುವಯಸ್ಸಿನವರಿಗೆ, ಅದರಲ್ಲಿಯೂ ಹೆಂಗಸರಿಗೆ, ಇದು ಹೆಚ್ಚು. ಮನೆಯ ಹೆಂಗಸು ಎಲ್ಲರಿಗೂ ಬಡಿಸಿ, ಕೊನೆಗೆ ತಾನು ಏನನ್ನು ಉಂಡಳು, ಏನನ್ನು ಬಿಟ್ಟಳೆಂದು ನೋಡುವವರಾರು? ಬಾಯಿಹುಣ್ಣು, ಉಷ್ಣ, ಎಂದು ತುಪ್ಪ ಸವರಿಕೊಂಡು ವರ್ಷಗಳನ್ನು ಕಳೆದವರನ್ನು ನಾವು ಬಲ್ಲೆವು.

ಬಾಯಿಯ ಈ ರೋಗವು ವರ್ಷಾನುಗಟ್ಟಲೆ ಉಳಿಯುವುದಲ್ಲದೆ, ನೂರರಲ್ಲಿ ಸುಮಾರು ಒಬ್ಬರಲ್ಲಿ ಕಾಲಕ್ರಮದಲ್ಲಿ ಕ್ಯಾನ್ಸರಿಗೆ ತಿರುಗಬಹುದು. ತೊಂಬತ್ತೊಂಬತ್ತು ಮಂದಿಗೆ ಅಭಯವಿದೆ; ಆದರೆ ಆ ಒಬ್ಬರು ಯಾರೆಂದು ಮುಂಚಿತವಾಗಿ ಹೇಳಬಲ್ಲವರಿಲ್ಲವಾದುದರಿಂದ ಎಲ್ಲರೂ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಬಾಯಿಯನ್ನು ತೋರಿಸಿಕೊಳ್ಳಬೇಕು. ನಮ್ಮ ನಾಡಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿದೆ. ದೇಶದಲ್ಲಿ ಅತ್ಯಧಿಕವಾಗಿ ಅಡಕೆಯನ್ನು ಬೆಳೆಯುವುದು ಕರ್ನಾಟಕ. ಮಲೆನಾಡಿನ ಎಷ್ಟೋ ಸಂಸಾರಗಳ ಅನ್ನ ಅದರಲ್ಲಿದೆ. ತಾಂಬೂಲವಿಲ್ಲದೆ ನಮ್ಮಲ್ಲಿ ಶುಭಕಾರ್ಯವಿಲ್ಲ. ಆದರೂ ಸತ್ಯವನ್ನು ಮರೆಮಾಚಲಾಗದು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೨೦೦೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊಗೆಸೊಪ್ಪು ಬೆರೆಯದ ಅಡಕೆಯೂ ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವುದೆಂದು ನಿರ್ಣಯಿಸಿದೆ. ಅಡಕೆಯನ್ನು ಒತ್ತಿಟ್ಟುಕೊಳ್ಳುವ ಜಾಗದಲ್ಲಿ ಈ ರೋಗವನ್ನೇ ಹೋಲುವ ಬಿಳಿಯ ಗೆರೆಗಳು ಬೀಳುವುದುಂಟು. ಬಾಯಿ ತೆರೆಯಲಾಗದಂತೆ ಕೆನ್ನೆ ಬಿಗಿಯುವ ಬೇರೊಂದು ವ್ಯಾಧಿಯೂ ಅದರಿಂದಲೇ ಬರುತ್ತದೆ. ಕನ್ನಡಿಯ ಮುಂದೆ ನಿಂತು ಯಾವ ಬಿಳುಪು ಯಾವುದೆಂದು ನಾವೂ ನೀವೂ ಹೇಳಲಾರೆವು. ವೈದ್ಯರು ಚೂರನ್ನು ತೆಗೆದು ಪರೀಕ್ಷಿಸಬೇಕೆಂದರೆ ಹೆದರದೆ ಒಪ್ಪುವುದೇ ಲೇಸು.

ಬೇರುಸಹಿತ ಕೀಳುವ ಔಷಧವು ಇದಕ್ಕಿಲ್ಲ. ಉರಿಯನ್ನು ಆರಿಸುವ ಔಷಧಗಳು ಧಾರಾಳವಾಗಿವೆ. ಚರ್ಮಕ್ಕೆ ಬಲವಾದ ಸ್ಟೀರಾಯ್ಡ್ ಮುಲಾಮು. ಬಾಯಿಗೆ ಅಂಟಿ ನಿಲ್ಲುವಂತೆ ಮಾಡಿದ ಅದೇ ಜಾತಿಯ ಲೇಪ ಅಥವಾ ಮುಕ್ಕಳಿಸುವ ನೀರು. ಅದಕ್ಕೆ ಬಗ್ಗದಿದ್ದರೆ ಟ್ಯಾಕ್ರೋಲಿಮಸ್. ಮೈಯೆಲ್ಲ ಹಬ್ಬಿದ್ದರೆ ಕೆಲವು ವಾರಗಳ ಮಟ್ಟಿಗೆ ಮಾತ್ರೆ ಅಥವಾ ಬೆಳಕಿನ ಚಿಕಿತ್ಸೆ. ಸ್ಟೀರಾಯ್ಡನ್ನು ಅಂಗಡಿಯವರ ಮಾತಿನ ಮೇಲೆ ಹಚ್ಚುವುದರಿಂದ ಚರ್ಮವು ತೆಳುವಾಗುತ್ತದೆ, ನಿಜವಾದ ಹುಳುಕಡ್ಡಿಯಿದ್ದರೆ ಅದು ಒಳಗೊಳಗೇ ಹಬ್ಬುತ್ತದೆ. ಈ ವ್ಯಾಪಾರವನ್ನು ತಡೆಯಬೇಕಾದ ಅಧಿಕಾರಿಗಳಲ್ಲಿ ಕೆಲವರಾದರೂ ಈ ಪುಟವನ್ನು ಓದುವವರೆಂದು ನಾವು ಬಲ್ಲೆವು. ಖಾರ, ಹುಳಿ, ಕುರುಕಲುಗಳನ್ನು ಬಿಡುವುದು, ಮೃದುವಾದ ಬ್ರಷ್ಷಿನಿಂದ ಹಲ್ಲುಜ್ಜುವುದು, ಮೊನಚಾದ ಹಲ್ಲನ್ನೋ ಸರಿಹೊಂದದ ಕಟ್ಟುಹಲ್ಲನ್ನೋ ತಿದ್ದಿಸಿಕೊಳ್ಳುವುದು, ಇವು ಮನೆಯಲ್ಲಿ ನಮ್ಮ ಕೈಯಲ್ಲಿರುವ ಉಪಾಯಗಳು.

ನಮ್ಮ ಗೃಹಸ್ಥರ ಮುಂಗೈ ಈಗ ಬರಿಯ ಕಲೆಗಳಿಂದ ಕೂಡಿದೆ. ಬಾಯಿಯ ಜಾಲರಿ ಹೋಗಿಲ್ಲ, ಆದರೆ ಹುಣ್ಣು ಮಾಯ್ದಿದೆ. ಎಲೆಯಡಕೆಯ ಡಬ್ಬಿಯನ್ನು ಮನೆಯವರ ಕೈಗೊಪ್ಪಿಸಿದ್ದಾರೆ. ಮುರಿದ ಸಂಬಂಧವು ಮತ್ತೆ ಕೂಡಿಬರಲಿಲ್ಲ. ಕಳೆದ ತಿಂಗಳು ಬೇರೊಂದು ಕಡೆಯವರು ಹೆಣ್ಣು ನೋಡಲು ಬಂದಾಗ, ಫಲಾಹಾರಕ್ಕೆ ಮುಂಚೆ ಅವರು ತಾವಾಗಿಯೇ ತೋಳನ್ನು ಮಡಿಸಿ ಕಲೆಗಳನ್ನು ತೋರಿಸಿ, ವೈದ್ಯರ ಕಾಗದವನ್ನು ಮುಂದಿಟ್ಟರಂತೆ. ಗಂಡಿನ ತಾಯಿ ಅದನ್ನು ಓದಿ, ತಮಗೂ ಐದಾರು ವರ್ಷಗಳಿಂದ ಸಾರು ಬಾಯಿಗೆ ಹತ್ತುತ್ತಿಲ್ಲವೆಂದು ಹೇಳಿ, ಆ ವೈದ್ಯರ ವಿಳಾಸವನ್ನು ಬರೆದುಕೊಂಡರು.