ಹಳೆಯ ದೊಡ್ಡ ಕಾರು ಮಾರುವ ಮುನ್ನ ಗೇರ್ ಬಾಕ್ಸ್ ಪರೀಕ್ಷೆ

ಅಡಿಕೆಗೆ ಬೆಲೆ ಬಂದ ವರ್ಷಗಳಲ್ಲಿ ಕೊಂಡ ದೊಡ್ಡ ಕಾರುಗಳು ನಮ್ಮ ಕೆಲವು ಸದಸ್ಯರ ಮನೆಯಂಗಳದಲ್ಲಿ ಇಂದಿಗೂ ನಿಂತಿವೆ. ಇವನ್ನು ಮಾರಲು ಹೊರಟಾಗ ಚೌಕಾಸಿ ಬಂದು ನಿಲ್ಲುವುದು ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಮೇಲೆ.

ಕಳೆದ ಬೇಸಗೆಯಲ್ಲಿ ಸದಸ್ಯರೊಬ್ಬರ ಅಂಥದೊಂದು ಕಾರನ್ನು ಕುಷ್ಟಗಿಯ ಗಿರಾಕಿಗೆ ತೋರಿಸಲು ನಾವೂ ಜೊತೆಗೆ ಹೋಗಿದ್ದೆವು. ಕೊಪ್ಪ, ಶಿವಮೊಗ್ಗ, ಚಿತ್ರದುರ್ಗ, ಹೊಸಪೇಟೆ, ಕುಷ್ಟಗಿ ಎಲ್ಲವೂ ಹಿಂದಿನ 13ನೇ ಹೆದ್ದಾರಿಯ ಊರುಗಳೇ. ಹೊಸಪೇಟೆ ದಾಟಿದ ಮೇಲೆ ಗೇರ್ ಬದಲಾದಾಗಲೆಲ್ಲ ಕಾರು ಜಗ್ಗತೊಡಗಿತು, ಹಿಂದೆ ಬಿಳಿ ಹೊಗೆ. ಗಿರಾಕಿಯ ಕಡೆಯ ಮೇಸ್ತ್ರಿ ಒಂದು ಸುತ್ತು ಓಡಿಸಿ, "ಗೇರ್ ಬಾಕ್ಸ್ ಹೋಗೇದ ನೋಡ್ರಿ ಗೌಡ್ರ, ಅರ್ಧಾ ರೇಟಿಗೆ ಬಿಡ್ರಿ" ಎಂದ. ಮಗಳ ಕಾಲೇಜು ಫೀಸಿಗೆಂದು ಮಾರುತ್ತಿದ್ದ ಕಾರು. ನಮ್ಮ ಸದಸ್ಯರು ಒಪ್ಪಿಯೇ ಬಿಡುತ್ತಿದ್ದರು. ನಾವು ಒಂದು ದಿನ ತಡೆಯಿರೆಂದು ಹೇಳಿ ಗಂಗಾವತಿಗೆ ಕರೆದೊಯ್ದೆವು.

ಅಲ್ಲಿ ಅಕ್ಕಿ ಗಿರಣಿಗಳ ಲಾರಿ ರಿಪೇರಿ ಮಾಡುವ ಹಿರಿಯ ಮೆಕ್ಯಾನಿಕ್ ಒಬ್ಬರು ಮೊದಲು ಓಡಿಸಲೇ ಇಲ್ಲ. ಇಂಜಿನ್ನಿನಿಂದ ಗೇರ್ ಬಾಕ್ಸಿಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪನ್ನು ಕಳಚಿ ನೋಡಿದರು. ಒಳಗೆ ಎಣ್ಣೆ! ಪೈಪಿನ ತುದಿಯ ಮಾಡ್ಯುಲೇಟರ್ ಎಂಬ ಡಬ್ಬಿಯೊಳಗಿನ ರಬ್ಬರ್ ಪೊರೆ ಹರಿದಿತ್ತು. ಗೇರ್ ಬಾಕ್ಸಿನ ಎಣ್ಣೆಯನ್ನು ಇಂಜಿನ್ ಹೀರಿ ಸುಡುತ್ತಿತ್ತು. ಕೆಳಗೆ ಒಂದು ಹನಿ ಸೋರದೆ ಎಣ್ಣೆ ಇಳಿದದ್ದು ಹಾಗೆ. ಬಿಡಿಭಾಗ ಬೆಂಗಳೂರಿನಿಂದ ಬರಲು ನಾಲ್ಕು ದಿನ ಹಿಡಿಯಿತು. ಹಾಕಿ ಎಣ್ಣೆ ತುಂಬಿದ ಮೇಲೆ ಜಗ್ಗುವುದು ನಿಂತಿತು.

ಎಲ್ಲ ಕಾರಿಗೂ ಈ ಪೈಪ್ ಇರುವುದಿಲ್ಲ. ಆದರೆ ಎಣ್ಣೆ ನೋಡುವುದು ಯಾರಿಗೂ ಸಾಧ್ಯ. ಗೇಜ್ ಕಡ್ಡಿಯಿರುವ ಹೆಚ್ಚಿನ ಹಳೆಯ ಕಾರುಗಳಲ್ಲಿ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ, ಸಮತಟ್ಟು ಜಾಗದಲ್ಲಿ ಇಂಜಿನ್ ನಡೆಯುತ್ತಿರುವಾಗಲೇ ಅಳೆಯಬೇಕು. ಕೆಲವಕ್ಕೆ ಕ್ರಮ ಬೇರೆ, ಕಾರಿನ ಕೈಪಿಡಿ ನೋಡಿ. ಕೆಂಪಗಿದ್ದರೆ ಸರಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ತಟ್ಟೆಗಳು ಸವೆದಿರುವ ಸಂಭವ ಹೆಚ್ಚು. ಬ್ರೇಕ್ ಒತ್ತಿಹಿಡಿದು ನ್ಯೂಟ್ರಲ್‌ನಿಂದ ಡ್ರೈವ್‌ಗೆ, ರಿವರ್ಸ್‌ಗೆ ಹಾಕಿರಿ. ಒಂದೆರಡು ಸೆಕೆಂಡಿನೊಳಗೆ ಗೇರ್ ಹಿಡಿಯಬೇಕು. ಏರಿನಲ್ಲಿ ಇಂಜಿನ್ ಅರಚಿ ಕಾರು ಮುಂದಕ್ಕೆ ಹೋಗದಿದ್ದರೆ ಅದು ಜಾರುತ್ತಿದೆ. ಗೇರ್ ಹಾಕಿದಾಗ ಧಡ್ ಎಂದರೆ ಮಾತ್ರ ಆತುರ ಬೇಡ, ಇಂಜಿನ್ ಮೌಂಟಿನ ರಬ್ಬರ್ ಸತ್ತಿದ್ದರೂ ಹಾಗೆಯೇ ಆಗುತ್ತದೆ.

ಯಲಬುರ್ಗಾ ಕಡೆ ಕೆಟ್ಟುನಿಂತ ಇಂಥ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಕೊಪ್ಪಳದವರೆಗೆ ಎಳೆದುತಂದದ್ದನ್ನೂ ಆ ಮೆಕ್ಯಾನಿಕ್ ಹೇಳಿದರು. ಎಣ್ಣೆ ಪಂಪು ತಿರುಗುವುದು ಇಂಜಿನ್ನಿನಿಂದ. ಇಂಜಿನ್ ನಿಂತಿದ್ದು ಚಕ್ರ ಉರುಳಿದರೆ ಒಳಗೆಲ್ಲ ಒಣಗಿ ತಿಕ್ಕುತ್ತದೆ. ಲಾರಿಯ ಮೇಲೆ ಏರಿಸಿ ತರಬೇಕಿತ್ತು.

ದಪ್ಪ ಎಣ್ಣೆ ತುಂಬಿ ನಾಲ್ಕು ದಿನ ದೋಷ ಮುಚ್ಚುವ ದಲ್ಲಾಳಿಗಳ ಉಪಾಯಕ್ಕೆ ಕೈಹಾಕಬೇಡಿ. ಗೊತ್ತಿದ್ದ ದೋಷವನ್ನು ಬೇಕೆಂದೇ ಮರೆಮಾಚುವುದು 1872ರ ಕರಾರು ಕಾಯಿದೆಯ 17ನೇ ಕಲಮಿನಂತೆ ಮೋಸ.

ನಮ್ಮ ಸದಸ್ಯರು ಹಳೆಯ ಪೊರೆಯನ್ನೂ ರಿಪೇರಿ ರಸೀದಿಯನ್ನೂ ಹೊಸ ಗಿರಾಕಿಯ ಮುಂದಿಟ್ಟರು. ಕೇಳಿದ ಬೆಲೆಗಿಂತ ತುಸು ಕಡಿಮೆಗೆ ಕಾರು ಗಂಗಾವತಿಯಲ್ಲೇ ಉಳಿಯಿತು. ಫಾರಂ 29, 30ಕ್ಕೆ ಸಹಿ ಹಾಕಿ ನಾವು ಬಸ್ಸಿನಲ್ಲಿ ಊರಿಗೆ ಮರಳಿದೆವು.