ಸಹಾಯಾರ್ಥ ಉಪಾಹಾರ

ಕಾಲೇಜಿನಲ್ಲಿ ಸಹಾಯನಿಧಿಯ ಮಾತು ಬಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ರಸೀತಿ ಪುಸ್ತಕ. ನಾಲ್ಕೈದು ಜನ ಗುಂಪುಗೂಡಿ ಅಂಗಡಿಯಿಂದ ಅಂಗಡಿಗೆ ಹೋಗುವುದು. ಮಾಲಿಕರು ನಮ್ಮ ಮುಖವನ್ನೂ ರಸೀತಿಯನ್ನೂ ಒಮ್ಮೆ ನೋಡಿ, ಗಲ್ಲಾಪೆಟ್ಟಿಗೆಯಿಂದ ಹತ್ತು ರೂಪಾಯಿ ತೆಗೆದುಕೊಟ್ಟು ಬೀಳ್ಕೊಡುವುದು. ದಾನಬುದ್ಧಿಯಿಂದ ಕೊಟ್ಟರೋ, ನಾವು ಬೇಗ ತೊಲಗಲೆಂದು ಕೊಟ್ಟರೋ ಹೇಳುವುದು ಕಷ್ಟ. ಇದಕ್ಕಿಂತ ಮೇಲಾದ ಮಾರ್ಗ ಒಂದುಂಟು. ಊರಿನ ಹೋಟೆಲಿನವರೊಡನೆ ಒಪ್ಪಂದ ಮಾಡಿಕೊಂಡು, ಒಂದು ದಿನದ ವ್ಯಾಪಾರದಲ್ಲಿ ಗೊತ್ತಾದ ಪಾಲನ್ನು ನಿಧಿಗೆ ಪಡೆಯುವುದು. ಎರಡು ವರ್ಷಗಳಿಂದ ನಾವು ಕೆಲವರು ಈ ಕೆಲಸದಲ್ಲಿ ತೊಡಗಿರುವುದರಿಂದ, ಇದರ ಒಳಹೊರಗನ್ನು ವಾಚಕರ ಮುಂದಿಡಲು ಬಯಸುತ್ತೇನೆ.

ಕಲ್ಪನೆಯೇನೂ ಹೊಸದಲ್ಲ. ಹಿಂದೆ ವೃತ್ತಿ ನಾಟಕ ಕಂಪೆನಿಗಳು ಊರಿನಲ್ಲಿ ಬಿಡಾರ ಹೂಡಿದಾಗ ಒಂದು ರಾತ್ರಿಯ ಆಟವನ್ನು ಶಾಲೆಯ ಕಟ್ಟಡಕ್ಕೋ ದೇವಸ್ಥಾನದ ಜೀರ್ಣೋದ್ಧಾರಕ್ಕೋ ಬಿಟ್ಟುಕೊಡುತ್ತಿದ್ದುದುಂಟು. ಅದನ್ನು ಸಹಾಯಾರ್ಥ ಪ್ರದರ್ಶನವೆಂದು ಕರೆಯುತ್ತಿದ್ದರು. ನಮ್ಮದು ಸಹಾಯಾರ್ಥ ಉಪಾಹಾರ, ಅಷ್ಟೆ. ಹೋಟೆಲಿಗೂ ವಿದ್ಯಾರ್ಥಿಗೂ ನಂಟು ಹಳೆಯದು. ಬೆಂಗಳೂರಿನ ಗಾಂಧಿಬಜಾರಿನಲ್ಲಿ 1943ರಲ್ಲಿ ಆರಂಭವಾದ ಹೋಟೆಲು ವಿದ್ಯಾರ್ಥಿಗಳ ಹೆಸರನ್ನೇ ಇಟ್ಟುಕೊಂಡು ‘ವಿದ್ಯಾರ್ಥಿ ಭವನ’ವಾಯಿತಲ್ಲವೆ!

ನಿಧಿ ಯಾತಕ್ಕೆಂಬ ಪ್ರಶ್ನೆಗೆ ಉತ್ತರ ನಮ್ಮ ಕಾಲೇಜಿನ ಜಗಲಿಯ ಮೇಲೆಯೇ ಇದೆ. ಸರ್ಕಾರದ ಬಿಸಿಯೂಟ ಹತ್ತನೆಯ ತರಗತಿಗೆ ಮುಗಿಯುತ್ತದೆ. ಹಸಿವು ಮಾತ್ರ ಪದವಿ ತರಗತಿಗೂ ಜೊತೆಗೆ ಬರುತ್ತದೆ. 2023ರ ಜೂನ್‌ನಿಂದ ವಿದ್ಯಾರ್ಥಿನಿಯರಿಗೆ ಬಸ್ಸಿನ ಖರ್ಚು ತಪ್ಪಿತು, ಆದರೆ ಬೆಳಗಿನ ಮೊದಲ ಬಸ್ಸಿಗೆ ಹಳ್ಳಿ ಬಿಟ್ಟವರು ಬುತ್ತಿ ಕಟ್ಟಿಕೊಳ್ಳುವುದು ಯಾವಾಗ? ಮಧ್ಯಾಹ್ನದ ಬಿಡುವಿನಲ್ಲಿ ನಲ್ಲಿಯ ನೀರು ಕುಡಿದು ವಾಚನಾಲಯಕ್ಕೆ ಹೋಗುವವರೆಲ್ಲ ಜ್ಞಾನದಾಹದಿಂದಲೇ ಹೋಗುವವರಲ್ಲ.

ಇನ್ನು ಹೋಟೆಲಿನವರ ಲೆಕ್ಕ. ನಾವು ಮೊದಲು ಕಂಡ ಮಾಲಿಕರು ಕರಾವಳಿಯ ಕಡೆಯವರು. ನಮ್ಮ ಪೀಠಿಕೆಯನ್ನೆಲ್ಲ ಕೇಳಿ, “ನೀವು ಹಣ ಕೇಳಬೇಡಿ ಮಾರಾಯ್ರೆ, ಗಿರಾಕಿ ತನ್ನಿ” ಎಂದರು. ಇಡೀ ವಿಷಯದ ತಿರುಳು ಈ ಮಾತಿನಲ್ಲಿದೆ. 60 ರೂಪಾಯಿಯ ದೋಸೆಗೆ 6 ರೂಪಾಯಿ ನಿಧಿಗೆ ಎಂದು ಗೊತ್ತುಮಾಡಿದೆವೆನ್ನೋಣ. ಎಂದಿನ 100 ಗಿರಾಕಿಗಳೇ ಬಂದು ಎಂದಿನಂತೆ ತಿಂದು ಹೋದರೆ ಮಾಲಿಕರಿಗೆ 600 ರೂಪಾಯಿ ಕೈಬಿಟ್ಟಿತು. ಅದರ ಬದಲು ಹೊಸಬರು 50 ಜನ ಹೆಚ್ಚಿಗೆ ಬಂದರೆ 3000 ರೂಪಾಯಿ ಅಧಿಕ ವ್ಯಾಪಾರ. ಬಾಡಿಗೆ, ಸಂಬಳ ಹೇಗೂ ಇದ್ದದ್ದೇ. ಅಕ್ಕಿ, ಉದ್ದು, ಎಣ್ಣೆ, ಗ್ಯಾಸಿಗೆ ಅರ್ಧ ಹೋಯಿತೆಂದರೂ 1500 ಉಳಿಯಿತು. 150 ದೋಸೆಗೆ ನಿಧಿಯ ಪಾಲು 900 ತೆಗೆದುಕೊಟ್ಟ ಮೇಲೂ ಅವರಿಗೆ 600 ರೂಪಾಯಿ ಮಿಕ್ಕಿತು. ಆದ್ದರಿಂದ ನಮ್ಮ ಕೆಲಸ ಬೇಡುವುದಲ್ಲ, ಜನರನ್ನು ಕರೆತರುವುದು. ಪಾಲನ್ನು ‘ಲಾಭದಲ್ಲಿ ಇಷ್ಟು’ ಎಂದು ಎಂದಿಗೂ ಒಪ್ಪಿಕೊಳ್ಳಬಾರದು. ಲಾಭ ಎಷ್ಟೆಂಬುದನ್ನು ನಾವು ಎಣಿಸಲಾರೆವು; ತಟ್ಟೆಗಳನ್ನು ಎಣಿಸಬಹುದು.

ಎಣಿಸಲು ಸುಲಭವಾದುದು ದರ್ಶಿನಿ ಮಾದರಿಯ ಹೋಟೆಲು. ಅಲ್ಲಿ ಮೊದಲು ಹಣ, ಆಮೇಲೆ ತಿಂಡಿ. ಸಂಜೆ ಟೋಕನುಗಳನ್ನು ನೋಡಿದರೆ ಲೆಕ್ಕ ಮುಗಿಯಿತು. ಕುಳಿತು ತಿನ್ನುವ ಹೋಟೆಲಿನಲ್ಲಿ ಒಂದು ಮೇಜಿಗೆ ಒಂದು ಬಿಲ್ಲು ಬರುವುದರಿಂದ ನಮ್ಮವರೊಬ್ಬರು ಗಲ್ಲಾದ ಪಕ್ಕದಲ್ಲಿ ನಿಂತು ಗೀಟು ಹಾಕಬೇಕಾಗುತ್ತದೆ. ಬಿಲ್ಲಿನಲ್ಲಿ ಕಾಣುವ ಶೇಕಡಾ 5ರ ಜಿಎಸ್‌ಟಿ ಸರ್ಕಾರಕ್ಕೆ ಸೇರಿದ್ದು. ಪಾಲನ್ನು 60ರ ಮೇಲೆ ಹಾಕಬೇಕು, 63ರ ಮೇಲಲ್ಲ.

ದಿನವನ್ನು ಆರಿಸುವುದರಲ್ಲಿಯೂ ವಿವೇಕ ಬೇಕು. ಭಾನುವಾರ ಬೆಳಿಗ್ಗೆ ಹೋಟೆಲು ತಾನಾಗಿಯೇ ತುಂಬಿರುತ್ತದೆ. ಅಂದು ನಮ್ಮವರು ನುಗ್ಗಿದರೆ ನಿತ್ಯದ ಗಿರಾಕಿಗಳು ಬೈದುಕೊಂಡು ಹಿಂದಿರುಗುತ್ತಾರೆ. ವಾರದ ನಡುವಿನ ದಿನ, ಮಧ್ಯಾಹ್ನ ಮೂರರಿಂದ ಆರರವರೆಗೆ ಮೇಜುಗಳು ಖಾಲಿ. ಸಂಬಳದ ಮೊದಲ ವಾರವಾದರೆ ಇನ್ನೂ ಲೇಸು. ಎಷ್ಟು ಜನ ಬರಬಹುದೆಂಬುದನ್ನು ಎರಡು ದಿನ ಮುಂಚೆ ಅಡಿಗೆಯವರಿಗೆ ತಿಳಿಸಲೇಬೇಕು. ದೋಸೆ ಹಿಟ್ಟು ನಿಂತಲ್ಲೇ ಹುಟ್ಟುವ ವಸ್ತುವಲ್ಲ. ಹಿಂದಿನ ದಿನ ಅಕ್ಕಿ ಉದ್ದು ನೆನೆಯಬೇಕು, ಸಂಜೆ ರುಬ್ಬಬೇಕು, ರಾತ್ರಿಯೆಲ್ಲ ಹುದುಗಬೇಕು. ನಾಲ್ಕು ಗಂಟೆಗೇ ಹಿಟ್ಟು ಮುಗಿದರೆ, ಆಮೇಲೆ ಬಂದವರಿಗೆ ನಿಧಿಯ ಘನೋದ್ದೇಶವನ್ನು ಬಡಿಸಲಾಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ನಿಧಿಗೆ 6 ರೂಪಾಯಿ ಸೇರಲು ಸಹಪಾಠಿಯೊಬ್ಬ 63 ರೂಪಾಯಿ ಖರ್ಚು ಮಾಡಬೇಕೆ? ಬೇಡವೇ ಬೇಡ. ಅವನು ಆರು ರೂಪಾಯಿಯನ್ನು ನೇರವಾಗಿ ಡಬ್ಬಿಗೆ ಹಾಕಿದರೆ ಸಾಕು. ಆದಕಾರಣ ಪ್ರಚಾರವನ್ನು ಕಾಲೇಜಿನ ಗೋಡೆಯ ಮೇಲಲ್ಲ, ಕಛೇರಿಗಳಲ್ಲಿ, ಬ್ಯಾಂಕಿನಲ್ಲಿ, ಹಳೆಯ ವಿದ್ಯಾರ್ಥಿಗಳ ನಡುವೆ ಮಾಡಬೇಕು. ಹೇಗೂ ಹೊರಗೆ ತಿನ್ನುವವರು ಅಂದು ಇಲ್ಲಿ ತಿನ್ನಲಿ.

ಸರ್ಕಾರಿ ಕಾಲೇಜಿನ ಹೆಸರಿನಲ್ಲಿ ಮಾಡುವ ಕೆಲಸವಾದ್ದರಿಂದ ಪ್ರಿನ್ಸಿಪಾಲರ ಲಿಖಿತ ಅನುಮತಿ ಅವಶ್ಯ. ಯುಪಿಐ ಬಂದ ಮೇಲೆ ವಿದ್ಯಾರ್ಥಿಯ ಫೋನಿಗೇ ಹಣ ಹಾಕಿಸಿಕೊಳ್ಳುವ ಚಪಲ ಹೆಚ್ಚಿದೆ. ಎಷ್ಟೇ ಪ್ರಾಮಾಣಿಕನಾದರೂ ಅದು ಸಲ್ಲದು. ಆದಾಯ ತೆರಿಗೆಯ ವಿನಾಯಿತಿ ಸಿಗುವುದೆಂದು ಯಾರಿಗೂ ಮಾತು ಕೊಡಬಾರದು. ಅದು ನೋಂದಣಿ ಪಡೆದ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತದೆ. ಸಂಜೆ ಲೆಕ್ಕವನ್ನು ಹಲಗೆಯ ಮೇಲೆ ಬರೆದು ಹೋಟೆಲಿನ ಬಾಗಿಲಲ್ಲೇ ಇಡುವುದು ನಮ್ಮ ರೂಢಿ. 1975ರ ತುರ್ತುಪರಿಸ್ಥಿತಿಯ ದಿನಗಳಲ್ಲಿ ತಿಂಡಿಯ ಬೆಲೆ ತಗ್ಗಿಸಬೇಕಾಗಿ ಬಂದಾಗ ಬೆಂಗಳೂರಿನ ಎಂ.ಟಿ.ಆರ್. ಹೋಟೆಲಿನವರು ಆಯಾ ದಿನದ ನಷ್ಟವನ್ನು ಹೀಗೆಯೇ ಹೊರಗೆ ಬರೆದು ತೋರಿಸುತ್ತಿದ್ದರಂತೆ.

ಹಾಗೆ ನೋಡಿದರೆ ನಾವು ಹೋಟೆಲಿನಿಂದ ಹಣವನ್ನೇ ಪಡೆಯುವುದಿಲ್ಲ. 900 ರೂಪಾಯಿ ನಗದು ಕೊಡಬೇಕಾದ ಮಾಲಿಕರು, ಊಟವಾಗಿ ಕೊಡುವುದಾದರೆ 1200 ರೂಪಾಯಿ ಬೆಲೆಯದನ್ನು ಕೊಡಲು ಒಪ್ಪುತ್ತಾರೆ. ಅವರಿಗೆ ತಗಲುವುದು ಅಸಲು ಮಾತ್ರ. 60 ರೂಪಾಯಿಯ ಊಟವಾದರೆ ಇಪ್ಪತ್ತು ಊಟ. ಈ ಊಟದ ಟೋಕನು ಉಳಿದವರು ದುಡ್ಡು ಕೊಟ್ಟು ಪಡೆಯುವ ಟೋಕನಿನಂತೆಯೇ ಇರಬೇಕೆಂದು ನಾವು ಹಟ ಹಿಡಿದೆವು. ಬೇರೆ ಬಣ್ಣ ಕೂಡದು. ವಾರಾನ್ನದ ಕಾಲದಲ್ಲಿ ವಾರಕ್ಕೆ ಏಳು ಮನೆಗಳಲ್ಲಿ ಉಂಡು ಓದಿದವರು ದೊಡ್ಡವರಾದರು, ನಿಜ. ಆದರೆ ಆ ಮನೆಗಳ ಬಾಗಿಲು ಎಲ್ಲ ಜಾತಿಯವರಿಗೂ ತೆರೆದಿರಲಿಲ್ಲ. ತೆರೆದಲ್ಲಿಯೂ ಉಣ್ಣುವ ಹುಡುಗ ಯಾರೆಂಬುದು ಬೀದಿಗೆಲ್ಲ ಗೊತ್ತಿರುತ್ತಿತ್ತು. ನಮ್ಮ ಟೋಕನುಗಳು ಗ್ರಂಥಪಾಲಕರ ಮೇಜಿನ ಮೇಲೆ ಒಂದು ತೆರೆದ ಡಬ್ಬಿಯಲ್ಲಿವೆ. ಹೆಸರು ಬರೆಯಬೇಕಾಗಿಲ್ಲ, ಕಾರಣ ಹೇಳಬೇಕಾಗಿಲ್ಲ. ಇದರ ದುರುಪಯೋಗವಾಗದೆ ಎಂದು ಅಧ್ಯಾಪಕರೊಬ್ಬರು ಕೇಳಿದರು. ಆಗಬಹುದು. ಹಸಿದವನನ್ನು ಸಾಲಿನಲ್ಲಿ ನಿಲ್ಲಿಸಿ ವಿಚಾರಿಸುವುದಕ್ಕಿಂತ, ಹಸಿಯದವನೊಬ್ಬ ಉಂಡು ಹೋಗುವುದೇ ಕಡಿಮೆ ನಷ್ಟವೆಂದು ನಾವು ತೀರ್ಮಾನಿಸಿದ್ದೇವೆ. ತಿಂಗಳ ಕೊನೆಯಲ್ಲಿ ಡಬ್ಬಿಯಲ್ಲಿ ಉಳಿದ ಟೋಕನುಗಳನ್ನು ಮಾತ್ರ ಎಣಿಸುತ್ತೇವೆ.